ಎರಡೂವರೆ ಸೂತಿನ ನಾಲ್ಕು ಬೋಲ್ಟು

"ಅಣ್ಣಾ, ಯಲ್ಲದಕೆರೆಗೆ ಇದೇ ದಾರಿನಾ?"

ಅಣ್ಣ ನನ್ನ ಕಡೆ ನೋಡಲಿಲ್ಲ. ಕಾರಿನ ಕಡೆ ನೋಡಿದ. ಮುಂದೆ ನಿಂತು ನೋಡಿದ, ಹಿಂದಕ್ಕೆ ಹೋಗಿ ನೋಡಿದ, ಬಗ್ಗಿ ಅಡಿಯಲ್ಲಿ ನೋಡಿದ. ಹೆಗಲ ಮೇಲಿನ ಟವೆಲ್ ತೆಗೆದು ಒಂದು ದೀಪ ಒರೆಸಿ, ಆಮೇಲೆ ಕೇಳಿದ.

"ಇದು ಇನ್ನೂ ಬೆಳೀತೈತೋ, ಇಷ್ಟೇನೋ?"

"ಇಷ್ಟೇ ಅಣ್ಣಾ. ಯಲ್ಲದಕೆರೆ ದಾರಿ..."

"ಬಾಯಲ್ಲಿ ಹೇಳಿದ್ರೆ ತಿಳಿಯಂಗಿಲ್ಲ. ತೋರಿಸ್ತೀನಿ ನಡೀರಿ," ಎಂದವನೇ ಬಾಗಿಲು ತೆಗೆದು ಎಡಗಡೆ ಸೀಟಿನಲ್ಲಿ ಕುಂತೇಬಿಟ್ಟ.

ಆ ಸೀಟಿಗೆ ಬೋಲ್ಟು ಇರಲಿಲ್ಲ. ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದಿದ್ದೆ. ಬಲಕ್ಕೆ ತಿರುಗಿದರೆ ಅಣ್ಣ ಎಡಕ್ಕೆ ಹೋಗುತ್ತಿದ್ದ, ಬ್ರೇಕ್ ಹಾಕಿದರೆ ಗಾಜಿಗೆ ನಮಸ್ಕಾರ ಮಾಡಿ ವಾಪಸ್ ಬರುತ್ತಿದ್ದ. ಅಂಥ ಸ್ಥಿತಿಯಲ್ಲೂ "ಹಿಂಗ್ ಎಡಕ್ಕೆ, ಈಗ ಆ ಜಾಲಿ ಗಿಡದ ತಾವ ಬಲಕ್ಕೆ" ಎಂದು ಕೈ ತೋರಿಸುವುದನ್ನು ಬಿಡಲಿಲ್ಲ. ನಾಲ್ಕೈದು ಕಿಲೋಮೀಟರ್ ಆದ ಮೇಲೆ ಒಂದು ಶೇಂಗಾ ಹೊಲದ ಬದುವಿನ ಹತ್ತಿರ, "ಇಲ್ಲೇ ನಿಲ್ಸ್ರಿ" ಎಂದ. ಇಳಿದ. ಪಂಚೆ ಕೊಡವಿಕೊಂಡ.

"ಯಲ್ಲದಕೆರೆ ಎಲ್ಲಣ್ಣಾ?"

"ಅದಾ? ನೀವು ನನ್ನ ಕೇಳಿದ್ರಲ್ಲ, ಅಲ್ಲಿಂದ ಆ ಕಡೆ."

"ಮತ್ತೆ ಈ ಕಡೆ ಯಾಕೆ ಕರ್ಕೊಂಡು ಬಂದೆ?"

"ನಮ್ಮ ಹೊಲ ಈ ಕಡೆ ಐತಲ್ಲ ಅಮ್ಮಾ. ನೀವು ಹೆಂಗೂ ದಾರಿ ತಪ್ಪಿದ್ರಿ. ತಪ್ಪಿದೋರಿಗೆ ಯಾವ ಕಡೆ ಹೋದ್ರೇನು ಅಂತ ಹತ್ತಿದೆ."

ಇಂಥವು ನನಗೆ ಆಗುತ್ತಲೇ ಇರುತ್ತವೆ. ದಾರಿ ಕೇಳಿದರೆ ಜನ ಹತ್ತಿ ಕೂರುತ್ತಾರೆ, ಬೋಲ್ಟು ಕೇಳಿದರೆ ವಾರ ತಿಥಿ ನೋಡುತ್ತಾರೆ. ನಮ್ಮ ಕಡೆಯ ಜನರನ್ನು ಗುಂಪು ಕಟ್ಟಿಕೊಂಡು ಹೋಗಿ ಪರದೇಶ ತೋರಿಸಿ, ಎಣಿಸಿಕೊಂಡು ವಾಪಸ್ ಕರೆತರುವುದು ನನ್ನ ಕೆಲಸವಾಗಿತ್ತು. ಇಸ್ತಾಂಬುಲ್ಲಿನ ಸಂತೆಯಲ್ಲಿ ಕಳೆದುಹೋದ ಬೀಗರಿಬ್ಬರನ್ನು ಒಂದು ಗಂಟೆಯೊಳಗೆ ಹುಡುಕಿದವಳು ನಾನು. ಆಲ್ಪ್ಸ್ ಬೆಟ್ಟದ ತುದಿಯಲ್ಲಿ ಇಡೀ ಬಸ್ಸಿನ ಜನಕ್ಕೆ ಮಂಡಕ್ಕಿ ಒಗ್ಗರಣೆ ಹಂಚಿದವಳು. ಅಂಥವಳನ್ನು ಸುಸ್ತು ಮಾಡಿದ್ದು ಚಿತ್ರದುರ್ಗ ಜಿಲ್ಲೆಯೊಳಗಿನ ಒಂದು ವಾರ, ಮತ್ತು ಟಿಫನ್ ಡಬ್ಬಿಯಲ್ಲಿ ಹಿಡಿಯುವಷ್ಟು ಸಾಮಾನು.

ಕೆಲಸ ಬಿಟ್ಟ ಮೇಲೆ ಎಲ್ಲರೂ "ಇನ್ನಾದರೂ ಮನೇಲಿ ಕೂತ್ಕೋ" ಅಂದರು. ಕೂತೆ. ಹನ್ನೊಂದು ದಿನ. ಹನ್ನೆರಡನೆಯ ದಿನ ಹೊಸದುರ್ಗದ ಕಡೆ ಗಣಿ ಕಂಟ್ರಾಕ್ಟರೊಬ್ಬರ ಶೆಡ್ಡಿನಲ್ಲಿ ಈ ಕಾರು ಕಣ್ಣಿಗೆ ಬಿತ್ತು. ಇಂಗ್ಲೆಂಡಿನದು. ಕೆಂಪು ಬಣ್ಣ, ಎರಡೇ ಸೀಟು, ಮಡಿಸಿ ಹಿಂದಕ್ಕೆ ತಳ್ಳುವ ಕ್ಯಾನ್ವಾಸ್ ಟಾಪು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಬೆಕ್ಕಿನ ಹಾಗೆ ತಗ್ಗು. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಕೋಳಿಯ ಕಾವು ಮುಗಿಯುವ ತನಕ ಕಾದು, ಕಾರು ಕೊಂಡೆ.

ಒಂದು ವರ್ಷ ಗ್ಯಾರೇಜಿನಲ್ಲಿಟ್ಟ ಮೇಲೆ ಇಂಜಿನ್ ಹಾಡತೊಡಗಿತು. ಉಳಿದದ್ದು ನೋಂದಣಿಯ ನವೀಕರಣ. ಚಿತ್ರದುರ್ಗದಲ್ಲಿ ಗಾಡಿ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ಬಾಗಿಲು ತೆಗೆದರು, ಬಾಗಿಲ ಒಳಗಡೆಯ ರಟ್ಟು ಕಳಚಿ ಅವರ ಬೂಟಿನ ಮೇಲೆ ಬಿತ್ತು. ಟಾಪು ಮುಟ್ಟಿದರು, ಅದು ಸಂತೆಯ ಡೇರೆಯಂತೆ ಹಾರಿ ಅವರ ಟೋಪಿಯನ್ನು ಹೊಡೆದು ಕೆಡವಿತು. ಕೊನೆಗೆ ಎಡಗಡೆ ಸೀಟಿನ ಹಗ್ಗ ನೋಡಿದರು.

"ಮೇಡಂ, ಇದು ಸೀಟೋ ಜೋಕಾಲಿನೋ?"

"ಬೋಲ್ಟು ಸಿಗ್ತಿಲ್ಲ ಸರ್."

"ಇಂಜಿನ್ ಚೆನ್ನಾಗೈತೆ, ಬ್ರೇಕು ಚೆನ್ನಾಗೈತೆ. ಉಳಿದಿದ್ದೆಲ್ಲ ಬರೀ ನಂಬಿಕೆ ಮೇಲೆ ನಿಂತೈತೆ. ಮುಂದಿನ ಸೋಮವಾರ ನಿಮ್ಮ ಗಡುವು ಮುಗೀತದೆ. ಹತ್ತು ಗಂಟೆಗೆ ಬರ್ರಿ. ಸರಿಯಾಗಿದ್ರೆ ಐದು ವರ್ಷ. ಇಲ್ದಿದ್ರೆ ಗುಜರಿ."

ಬಾಗಿಲಿನ ಕ್ಲಿಪ್ಪು, ಟಾಪಿನ ಬಟನ್ನು, ಸೀಟಿನ ಬೋಲ್ಟು. ಇಂಜಿನ್ ಬದುಕಿದ ಕಾರು ಗುಂಡಿ ಇಲ್ಲದ್ದಕ್ಕೆ ಸಾಯುವುದೇ? ಮೂರರದ್ದೂ ಒಂದೊಂದು ಮಾದರಿಯನ್ನು ಹಳೆಯ ಕುಂಕುಮದ ಡಬ್ಬಿಯಲ್ಲಿ ಹಾಕಿಕೊಂಡು ಮಂಗಳವಾರವೇ ಹೊರಟೆ. ಯಲ್ಲದಕೆರೆಯ ರೈತರೊಬ್ಬರ ಹಳೇ ನೀರೆತ್ತುವ ಇಂಜಿನ್ನಿನಲ್ಲಿ ಇಂಥದೇ ಬೋಲ್ಟು ಇವೆ ಎಂದು ಯಾರೋ ಹೇಳಿದ್ದರು. ಶೇಂಗಾ ಹೊಲದಿಂದ ಹಿಂದಿರುಗಿ, ಮತ್ತಿಬ್ಬರನ್ನು ಅವರವರ ಹೊಲಕ್ಕೆ ಇಳಿಸಿ, ಅಂತೂ ತಲುಪಿದೆ. ಇಂಜಿನ್ ಮಾರಿ ಎರಡು ವರ್ಷವಾಗಿತ್ತು.

ಹಿರಿಯೂರಿನ ಬೋಣಿ

ಬುಧವಾರ ಬೆಳಗ್ಗೆ ಹಿರಿಯೂರಿನಲ್ಲಿ ಆಗತಾನೇ ಶಟರ್ ಎತ್ತಿದ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದೆ. ತಪ್ಪು ಮಾಡಿದ್ದೇ ಅಲ್ಲಿ. ದಿನದ ಮೊದಲ ಗಿರಾಕಿ ಬೋಣಿ ಮಾಡದೆ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರ ಮುಳುಗಿದಂತೆ. ಅದು ಗೊತ್ತಿದ್ದೂ ಮರೆತಿದ್ದೆ.

ಡಬ್ಬಿ ತೆರೆದು ಬಾಗಿಲಿನ ಕ್ಲಿಪ್ ತೋರಿಸಿದೆ. ಬಾಗಿಸಿದ ತಂತಿ, ಅಷ್ಟೇ. ಅಂಗಡಿಯವರು ಬೆಳಕಿಗೆ ಹಿಡಿದು ನೋಡಿದರು.

"ಇಂಥದ್ದಿಲ್ಲ ಅಕ್ಕಾ. ಬೇರೆ ಏನ್ ಕೊಡ್ಲಿ?"

"ಬೇರೆ ಏನೂ ಬೇಡ."

"ಹಂಗನ್ಬೇಡ್ರಿ, ಬೋಣಿ ಟೈಮು. ಬಕೀಟು?"

"ಬೇಡ."

"ಬಾವಿ ರಾಟೆ?"

"ನಮ್ಮಲ್ಲಿ ಬಾವಿ ಇಲ್ಲ."

"ರಾಟೆ ಇಟ್ಕಂಡಿದ್ರೆ ನಾಳೆ ಬಾವಿನೂ ಆಗ್ತೈತೆ." ನಾನು ಮೆಟ್ಟಿಲ ಕಡೆ ಹೆಜ್ಜೆ ಇಡುತ್ತಿದ್ದಂತೆ ಅವರು ಕೌಂಟರ್ ಸುತ್ತಿ ಬಂದು ದಾರಿಗೆ ಅಡ್ಡ ನಿಂತರು. "ಇಲಿ ಬೋನು ತಗಳ್ರಿ. ಹಳೇ ಕಾರು ಅಂತೀರಿ, ಇಲಿ ಸೇರ್ಕಂಡ್ರೆ ವೈರೆಲ್ಲ ಕಡೀತವೆ."

"ಇಲಿ ಇಲ್ಲಪ್ಪ. ಕೋಳಿ ಇತ್ತು."

"ಹೌದಾ? ಹಂಗಾದ್ರೆ ದೊಡ್ಡ ಸೈಜೇ ಕೊಡ್ತೀನಿ."

ಬೋನು ಕೊಂಡೆ. ಅಷ್ಟರಲ್ಲಿ ಅವರ ಮನೆಯವರು ತಿಂಡಿ ಡಬ್ಬಿ ಹಿಡಿದು ಬಂದರು. ಕೌಂಟರಿನ ಮೇಲಿದ್ದ ಕ್ಲಿಪ್ ಎತ್ತಿ, "ಯಾರ್ದಿದು ತಲೆಪಿನ್ನು?" ಎಂದರು.

"ಸುಮ್ಕಿರೇ, ಅದು ಇಂಗ್ಲೆಂಡಿಂದು."

"ಇಂಗ್ಲೆಂಡ್‌ನಾಗೆ ಹೆಂಗಸ್ರು ತುರುಬು ಕಟ್ಟಲ್ವಾ?" ಎಂದವರೇ ತಮ್ಮ ತುರುಬಿನಿಂದ ಒಂದು ಪಿನ್ನು ಕಿತ್ತು ಪಕ್ಕದಲ್ಲಿಟ್ಟರು. ತುರುಬು ಬಿಚ್ಚಿ ಬೆನ್ನಿಗೆ ಬಿತ್ತು. ನನ್ನ ಬಾಯಿಯೂ ಬಿಟ್ಟುಕೊಂಡಿತು. ಅದೇ ಉದ್ದ, ಅದೇ ಬಾಗು, ಅದೇ ಬಿಗಿ. ನಾನು ಓಡಿ ಹೋಗಿ ಆ ಪಿನ್ನನ್ನು ಬಾಗಿಲಿನ ತೂತಿಗೆ ಒತ್ತಿದೆ. ಟಕ್ ಅಂತ ಕೂತಿತು. ಮೂರು ಭಾಷೆಯ ಪಾರ್ಟ್ಸ್ ಪಟ್ಟಿ ಓದಿದ್ದ ನನ್ನ ತಲೆಯಲ್ಲಿಯೇ ಆಗ ಅಂಥ ಆರು ಪಿನ್ನು ಇದ್ದವು!

ಎದುರಿನ ಫ್ಯಾನ್ಸಿ ಸ್ಟೋರಿಗೆ ಹಾರಿದೆ. "ತಲೆಪಿನ್ನು ಕೊಡಿ, ಇಪ್ಪತ್ತೆಂಟು."

"ಮನೇಲಿ ಮದ್ವೇನಾ ಮೇಡಂ? ಎಷ್ಟು ಜನ ಹೆಣ್ಮಕ್ಳು?"

"ಹೆಣ್ಣುಮಕ್ಕಳಲ್ಲಪ್ಪಾ, ಎರಡು ಬಾಗಿಲು."

ಹೊಳಲ್ಕೆರೆಯ ಮಾಸ್ಟರ್

ಟಾಪಿಗೆ ಬೇಕಾದದ್ದು ಟಿಚ್ ಬಟನ್ನು. ಮಕ್ಕಳ ಬ್ಯಾಗಿಗೆ ಇರುವಂಥದೇ, ಸ್ವಲ್ಪ ಗಟ್ಟಿ ಜಾತಿಯದು. ಹೊಳಲ್ಕೆರೆಯಲ್ಲಿ ಒಬ್ಬ ಹಿರಿಯ ಟೈಲರ್ ಸಾಹೇಬರಿದ್ದಾರೆ; ಆ ಬೀದಿಯಲ್ಲಿ ಅವರ ಮನೆತನ ಹೊಲಿಯಲು ಶುರುಮಾಡಿದ್ದು ಯಾವಾಗ ಎಂದು ಯಾರಿಗೂ ನೆನಪಿಲ್ಲ. ಮದುವೆಯ ಶೇರ್ವಾನಿಯಿಂದ ಆಟೋ ಟಾಪಿನ ತನಕ ಹೊಲಿಯುತ್ತಾರೆ. ಊರೆಲ್ಲ ಅವರನ್ನು ಮಾಸ್ಟರ್ ಎನ್ನುತ್ತದೆ. ಗುರುವಾರ ಅವರ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ.

ಮಾಸ್ಟರ್ ಕನ್ನಡಕ ಏರಿಸಿಕೊಂಡು ಹೊರಗೆ ಬಂದರು. ಕೊರಳಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲ್ಲು. ನಾನು ಬಾಯಿ ತೆರೆಯುವ ಮುಂಚೆಯೇ ಕಾರಿನ ಹೆಗಲಿನಿಂದ ಹೆಗಲಿಗೆ ಟೇಪು ಹಿಡಿದರು.

"ಮಾಸ್ಟರ್, ಹೊಸ ಟಾಪು ಬೇಡ. ಬರೀ ಬಟನ್."

"ಅಳತೆ ತಗೊಳ್ದೆ ನಮ್ಮ ಕೈ ಓಡಲ್ಲ ಅಮ್ಮಾ. ಬರ್ಕೊಳ್ತೀನಿ ಇರ್ರಿ. ಶೋಲ್ಡರ್ ನಲವತ್ತೆಂಟು." ಪುಸ್ತಕದಲ್ಲಿ ಬರೆದುಕೊಂಡರು. ಯಾರದೋ ಬ್ಲೌಸಿನ ಅಳತೆಯ ಕೆಳಗೆ ನನ್ನ ಕಾರಿನ ಅಳತೆ. "ಫಿಟ್ಟಿಂಗ್ ಇರ್ಲಾ, ಸ್ವಲ್ಪ ಲೂಸ್ ಬಿಡ್ಲಾ?"

"ಫಿಟ್ಟಿಂಗೇ ಇರಲಿ. ಗಾಳಿಗೆ ಹಾರ್ತಿದೆ."

"ಮುಂದೆ ದಪ್ಪ ಆಗೋದು ಗಿಪ್ಪ ಆಗೋದು ಏನಿಲ್ವಲ್ಲ?"

"ಇಲ್ಲ ಮಾಸ್ಟರ್. ಆಗುವ ವಯಸ್ಸು ದಾಟಿದೆ."

ಹಳೆಯ ಬಟನ್ನಿನ ಮಾದರಿ ನೋಡಿ ಅವರ ಮುಖ ಅರಳಿತು. "ಈ ಮಾಲು ನಮ್ಮ ಅಬ್ಬಾ ಜೀಪಿನ ಟಾಪಿಗೆ ಹಾಕ್ತಿದ್ರು," ಎಂದು ಒಳಗೆ ಹೋಗಿ, ಎಲ್ಲೋ ಅಟ್ಟದ ಮೇಲಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ಇಳಿಸಿದರು. ಮುಚ್ಚಳ ತೆಗೆದರೆ ಹಿತ್ತಾಳೆಯ ಬಟನ್ನುಗಳು! ಒಂದಲ್ಲ ಎರಡಲ್ಲ, ಡಬ್ಬಿ ತುಂಬ. ನಾನು ಬೀದಿಯಲ್ಲೇ ಚಪ್ಪಾಳೆ ತಟ್ಟಿದೆ. ಎದುರಿನ ಹೋಟೆಲಿನವರು ಏನೋ ಲಾಟರಿ ಹೊಡೆಯಿತೆಂದು ಎದ್ದು ಬಂದರು.

ಕಾರಿನಿಂದ ಟಾಪು ಬಿಚ್ಚಿ ಕೊಟ್ಟೆ. "ಭಾನುವಾರ ಬೆಳಗ್ಗೆ ಬೇಕೇ ಬೇಕು ಮಾಸ್ಟರ್. ತಪ್ಪಿದರೆ ಕಾರು ಗುಜರಿಗೆ."

"ಜಬಾನ್ ಅಂದ್ರೆ ಜಬಾನ್ ಅಮ್ಮಾ, ಕೊಟ್ಟ ಮಾತು ತಪ್ಪಲ್ಲ. ಭಾನುವಾರ."

ಭಾನುವಾರ ಹೋದೆ. ಮಾಸ್ಟರ್ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ನನ್ನನ್ನು ಕಂಡದ್ದೇ, ಲಂಗ ದಾವಣಿಯ ಕಾಲದಿಂದ ನಾನು ಎಲ್ಲ ಟೈಲರುಗಳ ಬಾಯಲ್ಲಿ ಕೇಳಿದ ಅದೇ ಮಾತನ್ನು, ಅದೇ ನಗುವಿನ ಜೊತೆ ಹೇಳಿದರು.

"ಎಲ್ಲಾ ಆಗೈತೆ ಅಮ್ಮಾ. ಬರೀ ಬಟನ್ ಹಾಕೋದು ಬಾಕಿ."

"ಮಾಸ್ಟರ್, ನಾನು ಕೊಟ್ಟಿದ್ದೇ ಬಟನ್ ಹಾಕೋಕೆ!"

ಮಾಸ್ಟರ್ ಬಾಯಿಂದ ಕಡ್ಡಿ ತೆಗೆದರು. "ಅದೇ ಹೇಳಿದ್ನಲ್ಲ ಅಮ್ಮಾ. ಅದೊಂದು ಬಿಟ್ಟು ಎಲ್ಲಾ ಆಗೈತೆ."

ನಾನು ಅಲ್ಲೇ ಸ್ಟೂಲು ಎಳೆದುಕೊಂಡು ಕೂತೆ. ಕೊನೆಯ ಬಟನ್ನು ಬಡಿಯುವ ತನಕ ಏಳಲಿಲ್ಲ.

ಗೇರು

ಭಾನುವಾರದ ಕಥೆ ಮೊದಲೇ ಹೇಳಿಬಿಟ್ಟೆ. ಅದಕ್ಕೆ ಮುಂಚೆ ಶುಕ್ರವಾರ ಚಿತ್ರದುರ್ಗದಲ್ಲಿ ಸೀಟಿನ ಬೋಲ್ಟಿನ ಬೇಟೆ ನಡೆದಿತ್ತು.

ಬೋಲ್ಟಿನ ತೊಂದರೆ ಇಷ್ಟೇ. ಈಗಿನವೆಲ್ಲ ಮಿಲಿಮೀಟರ್ ಲೆಕ್ಕದವು. ನನ್ನ ಕಾರು ಇಂಚಿನ ಕಾಲದ್ದು. ಗ್ಯಾರೇಜು ಸಾಲಿನಲ್ಲಿ ಆರು ಜನ ಆರು ಬೋಲ್ಟು ತಂದು ತಿರುಗಿಸಿದರು. ಎಲ್ಲವೂ ಒಂದೂವರೆ ಸುತ್ತು ನೆಂಟರ ಹಾಗೆ ಒಳಗೆ ಹೋಗಿ, ಆಮೇಲೆ ಮೊಂಡು ಬಿದ್ದವು. ಒಬ್ಬ ಫೋಟೋ ತೆಗೆದು ಮೆಕ್ಯಾನಿಕ್ಕುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ. ಐದು ನಿಮಿಷದಲ್ಲಿ ಹತ್ತು ಉತ್ತರ ಬಂದವು. ನಾಲ್ಕು ಶುಭೋದಯ, ಮೂರು ಹೂವಿನ ಚಿತ್ರ, ಎರಡು "ಗಾಡಿ ಕೊಡ್ತಾರಾ?", ಒಂದು "ವೆಲ್ಡಿಂಗ್ ಹೊಡೀರಿ."

ಸಾಲಿನ ತುದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡಿದ್ದ ಒಬ್ಬ ಮಾತ್ರ ಮುರಿದ ಬೋಲ್ಟನ್ನು ಅಂಗೈಯಲ್ಲಿಟ್ಟು ಗಂಭೀರವಾಗಿ ನೋಡಿದ. "ಇದು ಸೂತಿನ ಮಾಲು ಮೇಡಂ. ಇಂಚಿಗೆ ಎಂಟು ಸೂತು. ಇದು ಎರಡೂವರೆ ಸೂತು."

ನನಗೆ ಅವನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. "ಹಾಗಾದ್ರೆ ಹೊಸದು ಕಡೆದು ಕೊಡಿ!"

"ಕಡೀಬಹುದಿತ್ತು. ಇಂಚಿನ ಥ್ರೆಡ್ಡಿಗೆ ಬೇರೆ ಗೇರು ಬೇಕು. ನಮ್ಮಪ್ಪಾಜಿ ಇಟ್ಟಿದ್ರು. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ ನೋಡ್ರಿ, ಜಾಗ ತಿಂತೈತೆ ಅಂತ ಗುಜರಿಗೆ ಹಾಕ್ಬಿಟ್ಟೆ."

"ಎಷ್ಟು ವರ್ಷ ಆಯ್ತು ಹಾಕಿ?"

ಅವನು ತಲೆ ಕೆರೆದುಕೊಂಡ. "ಹೋದ ಮಂಗಳವಾರ."

ಶನಿವಾರ

ಗೇರು ಮಾರಿದ ಪಾಪಕ್ಕೆ ಅವನೇ ಒಂದು ವಿಳಾಸ ಕೊಟ್ಟ. ಹೊಸದುರ್ಗದ ಪೇಟೆಯಲ್ಲಿ ಹಳೇ ಕಬ್ಬಿಣದಂಗಡಿ ಸಾವ್ಕಾರ್ರು. ಅವರಲ್ಲಿ ಇಲ್ಲದಿದ್ದರೆ ಭೂಮಿಯ ಮೇಲೆ ಇಲ್ಲ.

ಶನಿವಾರ ಹತ್ತು ಗಂಟೆಗೆ ಅಲ್ಲಿದ್ದೆ. ಸಾವ್ಕಾರ್ರು ಆಳೆತ್ತರ, ಎರಡಾಳು ಅಗಲ. ಹಣೆಯ ತುಂಬ ವಿಭೂತಿ. ಕೌಂಟರಿನ ಹಿಂದೆ ಒಂದು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. ಅಂಗಡಿಯ ಮುಂದಿನ ಸಾಮಾನಿಗೆಲ್ಲ ಗೋಣಿತಾಟು ಹೊದಿಸಿತ್ತು. ಹಗ್ಗ, ಬಣ್ಣ, ಪ್ಲಾಸ್ಟಿಕ್ ಪೈಪು ಮಾತ್ರ ಹೊರಗಿದ್ದವು.

ಮುರಿದ ಬೋಲ್ಟು ಕೊಟ್ಟೆ. ಅವರು ನೋಡಲೂ ಇಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

"ಎರಡೂವರೆ ಸೂತು."

"ಇದೆಯಾ?"

"ಅವೆ. ನಾಲ್ಕೇ ಅವೆ."

"ನನಗೆ ಬೇಕಿರೋದೂ ನಾಲ್ಕೇ!"

"ಆದ್ರೆ ಇವತ್ತು ಕೊಡಂಗಿಲ್ಲ. ಶನಿವಾರ."

ಆಗ ಗೋಣಿತಾಟಿನ ಅರ್ಥ ಹೊಳೆಯಿತು. ಶನಿವಾರ ಕಬ್ಬಿಣ ಕೊಂಡು ಮನೆಗೆ ತರಬಾರದು ಎನ್ನುವುದು ನಮ್ಮಜ್ಜಿಯೂ ಹೇಳುತ್ತಿದ್ದ ಮಾತು. ಆದರೆ ಕಬ್ಬಿಣದ ಅಂಗಡಿಯವರೇ ಅದನ್ನು ಪಾಲಿಸುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

"ತಗೊಳ್ಳೋಳು ನಾನು. ಶನಿ ಕಾಟ ಆದ್ರೆ ನನಗಲ್ವಾ?"

"ಕಳಿಸ್ದೋನು ನಾನಾಗ್ತೀನಲ್ಲಮ್ಮಾ."

"ಸಾವ್ಕಾರ್ರೆ, ನಾನು ಎಷ್ಟೋ ಶನಿವಾರ ವಿಮಾನದಲ್ಲಿ ಕೂತು ಸಮುದ್ರ ದಾಟಿದ್ದೀನಿ. ಸುತ್ತ ಬರೀ ಲೋಹ. ಏನೂ ಆಗಿಲ್ಲ."

"ವಿಮಾನ ನೀವು ಕೊಂಡ್ಕಂಡಿದ್ರಾ?"

ನಾನು ಬೆರಳು ಮಡಿಸಿ ದಿನ ಎಣಿಸತೊಡಗಿದೆ.

"ನಾಳೆ?" "ಭಾನುವಾರ ಅಂಗಡಿ ಬಾಗ್ಲು ತೆಗೆಯಲ್ಲ." "ಸೋಮವಾರ?" "ಹನ್ನೊಂದಕ್ಕೆ ತೆಗೀತೀನಿ." ಸೋಮವಾರ ಹತ್ತಕ್ಕೆ ನಾನು ಚಿತ್ರದುರ್ಗದಲ್ಲಿರಬೇಕು. ಇಲ್ಲದಿದ್ದರೆ ಕಾರಿನ ಕಥೆ ಮುಗಿಯಿತು. ಇದನ್ನು ಅವರಿಗೆ ಎರಡೆರಡು ಸಲ ಹೇಳಿದೆ. ಹುಡುಗಾಟಕ್ಕೆಂದು ಕೊಂಡ ಕಾರು ಯಾವಾಗ ನನ್ನದಾಯಿತೋ ನನಗೇ ತಿಳಿದಿರಲಿಲ್ಲ.

ಸಾವ್ಕಾರ್ರು ಹೊರಗೆ ನಿಂತಿದ್ದ ಕಾರನ್ನು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಮಾರಿದ್ರೆ ತಾನೇ ತಪ್ಪು. ಕೈಗಡ ಕೊಡಬಹುದು. ಪಕ್ಕದ ಮನೆಯೋರು ಹಾರೆ ಇಸ್ಕಂಡು ಹೋಗಲ್ವಾ ಶನಿವಾರ? ಹಂಗೆ. ದುಡ್ಡು ಮುಟ್ಟಂಗಿಲ್ಲ. ಆದ್ರೆ ಕೊಟ್ಟ ನಾಲ್ಕೇ ವಾಪಸ್ ಬರ್ಬೇಕು."

"ಬರ್ತವೆ! ದೇವರಾಣೆ ಬರ್ತವೆ! ಎಲ್ಲಿವೆ?"

ಸಾವ್ಕಾರ್ರು ಎರಡೂ ಕೈ ಊರಿ ನಿಧಾನಕ್ಕೆ ಎದ್ದು ನಿಂತರು. ಆ ಹೊತ್ತಿನಲ್ಲಿ ಅವರು ಎದ್ದದ್ದನ್ನು ಕಂಡು ಎದುರಿನ ಕೊಬ್ಬರಿ ಮಂಡಿಯವರೂ ಎದ್ದು ನಿಂತರು. ಸಾವ್ಕಾರ್ರು ತಮ್ಮ ಕುರ್ಚಿಯನ್ನು ತಿರುಗಿಸಿ ಮಲಗಿಸಿ, ಸ್ಪ್ಯಾನರ್ ಹಿಡಿದು ಅದರ ನಾಲ್ಕು ಕಾಲಿನ ಬೋಲ್ಟು ಬಿಚ್ಚಿದರು. ಅವರ ಅಜ್ಜ ಹಳೇ ಆಯಿಲ್ ಇಂಜಿನ್ನಿನ ಬೋಲ್ಟು ಹಾಕಿ ಮಾಡಿಸಿದ ಕುರ್ಚಿಯಂತೆ. ಕಾಲುಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬಿದ್ದವು.

"ಎಷ್ಟು ದಿನದ ವಾಯಿದೆ ಸಾವ್ಕಾರ್ರೆ?" ಅಂದೆ.

"ನನ್ನ ಕಾಲು ತಡೆಯೋ ತನ್ಕ."

ಸೋಮವಾರ

ಹತ್ತಕ್ಕೆ ಐದು ನಿಮಿಷವಿರುವಾಗ ತಪಾಸಣೆಯ ಮೈದಾನದಲ್ಲಿದ್ದೆ. ಇನ್ಸ್‌ಪೆಕ್ಟರ್ ಈ ಸಲ ಟೋಪಿ ತೆಗೆದು ಜೀಪಿನಲ್ಲಿಟ್ಟು ಬಂದರು. ಬಾಗಿಲು ತೆಗೆದು ಕಾಲು ಹಿಂದಕ್ಕೆಳೆದುಕೊಂಡರು. ಏನೂ ಬೀಳಲಿಲ್ಲ. ರಟ್ಟು ಹಿಡಿದು ಎಳೆದರು, ಕದಲಲಿಲ್ಲ. ಟಾಪನ್ನು ಎರಡೂ ಕೈಯಲ್ಲಿ ಜಗ್ಗಿದರು, ಬಟನ್ನುಗಳು ಹಲ್ಲು ಕಚ್ಚಿ ನಿಂತವು. ಎಡಗಡೆ ಸೀಟಿನಲ್ಲಿ ಕೂತು ಮೂರು ಸಲ ಕುಪ್ಪಳಿಸಿದರು. ಸೀಟು ಸಾವ್ಕಾರ್ರ ಹಾಗೆ ಗಟ್ಟಿಯಾಗಿ ಕೂತಿತ್ತು.

"ಎಲ್ಲಾ ಒರಿಜಿನಲ್ಲೇನಾ ಮೇಡಂ?"

ಹಿರಿಯೂರಿನ ತುರುಬು, ಹೊಳಲ್ಕೆರೆಯ ಜೀಪು, ಹೊಸದುರ್ಗದ ಕುರ್ಚಿ ಕಣ್ಣಮುಂದೆ ಬಂದವು.

"ಎಲ್ಲಾ ಒರಿಜಿನಲ್ ಸರ್," ಅಂದೆ. "ಯಾವುದರ ಒರಿಜಿನಲ್ ಅಂತ ಮಾತ್ರ ಕೇಳಬೇಡಿ."

ಅವರು ಕೇಳಲಿಲ್ಲ. ಐದು ವರ್ಷ! ಟಾಪು ಮಡಿಸಿ ಜೋಗಿಮಟ್ಟಿ ಬೆಟ್ಟದ ರಸ್ತೆ ಹಿಡಿದೆ. ತಿರುವು ತಿರುವಿಗೂ ಕಾರು ಕುಣಿಯಿತು, ನಾನು ಕೂಗಿದೆ. ಗೇಟಿನ ಹತ್ತಿರ ಅರಣ್ಯದ ಕಾವಲುಗಾರ ತಡೆದು, "ಏನಾಯ್ತಮ್ಮ, ಬ್ರೇಕ್ ಹೋಗೈತಾ?" ಎಂದ.

"ಇಲ್ಲಪ್ಪ, ಪಾಸಾದೆ!"

"ಈ ವಯಸ್ಸಿನಾಗಾ? ಯಾವ ಕ್ಲಾಸು?"

ಬಡ್ಡಿ

ಉಳಿದದ್ದು ಕೈಗಡ. ಲಂಡನ್ನಿನಲ್ಲಿರುವ ಹಳೆಯ ಗೆಳತಿಗೆ ಬರೆದೆ. ಅಂಥವೇ ನಾಲ್ಕು ಬೋಲ್ಟು ಅಂಚೆಯಲ್ಲಿ ಹೊರಟವು. ಲಂಡನ್ನಿನಿಂದ ಮುಂಬೈಗೆ ಬಂದವು, ಅಲ್ಲಿ ಕೂತವು. ಇತ್ತ ಸಾವ್ಕಾರ್ರು ಕೂರುವಂತಿಲ್ಲ. ಬೇರೆ ಕುರ್ಚಿ ತರಿಸಿ ಎಂದರೆ, ಅಜ್ಜನ ಕುರ್ಚಿ ಇರುವಾಗ ಪ್ಲಾಸ್ಟಿಕ್ಕಿನಲ್ಲಿ ಕೂರುವ ಪೈಕಿ ತಾವಲ್ಲ ಎಂದರಂತೆ.

ಹೊಸದುರ್ಗಕ್ಕೆಲ್ಲ ಸುದ್ದಿ ಹರಡಿತು. ಬಸ್ಸಿನ ಕಂಡಕ್ಟರ್ ನನಗೆ ಟಿಕೆಟ್ ಹರಿಯುತ್ತಾ, "ಸಾವ್ಕಾರ್ರು ಇನ್ನೂ ನಿಂತೇ ಅವ್ರೆ ಅಮ್ಮಾ" ಎಂದ. ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಕೊಡಲು ಹೋದರೆ ಗುಮಾಸ್ತೆ ನನ್ನ ಹೆಸರು ಕೇಳಲಿಲ್ಲ; "ಕುರ್ಚಿ ಕಾಲು ತಗಂಡೋದ ಅಮ್ಮ ನೀವೇ ತಾನೇ?" ಎಂದು ಕೇಳಿದಳು. ನಲವತ್ತು ದೇಶದ ಮುದ್ರೆ ಬಿದ್ದ ಪಾಸ್‌ಪೋರ್ಟು ನನ್ನದು. ಅದೆಲ್ಲ ಸೇರಿ ಕೊಟ್ಟ ಹೆಸರಿಗಿಂತ ದೊಡ್ಡ ಹೆಸರು ನಾಲ್ಕು ಬೋಲ್ಟಿನಿಂದ ಬಂತು.

ಮೂರು ವಾರದ ಮೇಲೆ ಪೊಟ್ಟಣ ಕೈ ಸೇರಿತು. ಅಂದು ಬುಧವಾರ. ಕಾರು ಹತ್ತಿ ನೆಟ್ಟಗೆ ಹೊಸದುರ್ಗ. ಸಾವ್ಕಾರ್ರು ಕೌಂಟರಿಗೆ ಒರಗಿ ನಿಂತಿದ್ದರು. ಹೊಸ ಬೋಲ್ಟುಗಳನ್ನು ಅವರ ಮುಂದೆ ಸಾಲಾಗಿ ಇಟ್ಟೆ. ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಅವರು ಹೆಬ್ಬೆರಳಿನಿಂದ ಸವರಿದರು.

"ಎರಡೂವರೆ ಸೂತೇ."

"ಹಾಗಾದ್ರೆ ಚುಕ್ತಾ?"

"ಇವು ನನ್ನವಲ್ಲ. ಕೊಟ್ಟ ನಾಲ್ಕೇ ಬರ್ಬೇಕು ಅಂದಿದ್ದೆ."

"ಇವು ಇಂಗ್ಲೆಂಡಿನಿಂದ ಬಂದಿವೆ ಸಾವ್ಕಾರ್ರೆ!"

"ಇರ್ಬಹುದು. ನಮ್ಮಜ್ಜ ಬಂದಿದ್ದು ಇಲ್ಲೇ ಪಕ್ಕದ ಬಾಗೂರಿಂದ."

ಗಿರಾಕಿಗಳು ಆಗಲೇ ಸೇರಿದ್ದರು. "ಹಳೇವು ಬಿಚ್ಚಿ ಕೊಡ್ತಾರೆ ಬಿಡ್ರಿ," ಎಂದರು ಕೊಬ್ಬರಿ ಮಂಡಿಯವರು, "ಮೊದ್ಲು ಬಡ್ಡಿ ಕೇಳ್ರಿ! ಮೂರು ವಾರ ನಿಂತಿದ್ದೀರಿ!"

ಸಾವ್ಕಾರ್ರ ಮುಖದಲ್ಲಿ ನಾಚಿಕೆಯೊಂದು ಸುಳಿಯಿತು. "ಬಡ್ಡಿ ಏನ್ ಬೇಡ. ಒಂದು ರೌಂಡು ಕೂರ್ಸ್ಕಂಡು ಹೋದ್ರೆ..."

ಕೂರಿಸಿಕೊಂಡೆ. ಅವರು ಮೊದಲು ಒಂದು ಕಾಲು ಇಟ್ಟರು, ಆಮೇಲೆ ತಮ್ಮನ್ನು ತಾವೇ ಬಿಟ್ಟುಕೊಟ್ಟರು. ಕಾರು ಒಮ್ಮೆ ನಿಟ್ಟುಸಿರು ಬಿಟ್ಟಿತು. ಟಾಪು ಮಡಿಸಿದ ಕಾರಿನಲ್ಲಿ ಬಸ್ ಸ್ಟ್ಯಾಂಡು, ತಾಲ್ಲೂಕು ಆಫೀಸು, ತೆಂಗಿನ ತೋಟದ ರಸ್ತೆ. ಗಾಳಿಗೆ ಅವರ ವಿಭೂತಿ ಹಾರಿತು. "ಜೋರ್ ಬಿಡ್ರಿ! ಜೋರ್ ಬಿಡ್ರಿ!" ಎಂದು ತೊಡೆ ತಟ್ಟಿಕೊಂಡರು. ಎದುರಾದ ಪ್ರತಿಯೊಬ್ಬರಿಗೂ ಕೂಗಿದರು: "ಲೇ, ನನ್ನ ಬೋಲ್ಟ್ ಮೇಲೆ ಕುಂತಿದೀನಿ ಕಣ್ಲೇ!"

ಅಂಗಡಿಯ ಮುಂದೆ ನಿಲ್ಲಿಸಿದೆ. "ಇಳೀರಿ ಸಾವ್ಕಾರ್ರೆ."

ಸಾವ್ಕಾರ್ರು ಪ್ರಯತ್ನಿಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಒಂದು ಕಡೆ ಬಾಗಿಲ ಚೌಕಟ್ಟು, ಇನ್ನೊಂದು ಕಡೆ ಗೇರಿನ ದಿಬ್ಬ. ನಡುವೆ ಅವರು ಒರಳಲ್ಲಿ ಸಿಕ್ಕಿಬಿದ್ದ ಗುಂಡಿನಂತೆ ಕೂತಿದ್ದರು.

"ಕೈ ಹಿಡಿದು ಎಳೀರಿ," ಎಂದರೊಬ್ಬರು. ಎಳೆದರು. ಸಾವ್ಕಾರ್ರ ಕೈ ಉದ್ದವಾಯಿತೇ ಹೊರತು ಮೈ ಬರಲಿಲ್ಲ. "ಎಣ್ಣೆ ಹಾಕ್ರಿ," ಎಂದರು ಇನ್ನೊಬ್ಬರು. "ಉಸಿರು ಬಿಟ್ಟು ಹಿಡ್ಕಳ್ರಿ," ಎಂದರು ಮತ್ತೊಬ್ಬರು. ಅಷ್ಟೂ ಹೊತ್ತು ಸಾವ್ಕಾರ್ರು ಕಣ್ಣು ಮುಚ್ಚಿ ಯೋಚಿಸುತ್ತಿದ್ದರು. ಕಣ್ಣು ತೆರೆದಾಗ ಪಕ್ಕಾ ಕಬ್ಬಿಣದ ವ್ಯಾಪಾರಿಯಾಗಿದ್ದರು.

"ನನ್ನ ಎಳೀಬೇಡ್ರಿ. ಸೀಟು ಬಿಚ್ರಿ."

ಗ್ಯಾರೇಜಿನವನೊಬ್ಬ ಸ್ಪ್ಯಾನರ್ ಹಿಡಿದು ಕಾರಿನ ಅಡಿಗೆ ನುಗ್ಗಿದ. ಸಾವ್ಕಾರ್ರು ಮೇಲಿಂದಲೇ ಅಪ್ಪಣೆ ಕೊಡುತ್ತಿದ್ದರು. "ಅದಲ್ಲಯ್ಯಾ, ಅದು ಎಂಎಂ ಸ್ಪ್ಯಾನರು! ಇಂಚಿಂದು ತಗಳೋ! ಮೂರನೇ ಖಾನೆ, ಎಡಗಡೆ! ಮೆತ್ತಗೆ ತಿರುಗ್ಸು, ಅವು ನಮ್ಮಜ್ಜನ ಬೋಲ್ಟು!"

ನಾಲ್ಕೂ ಬೋಲ್ಟು ಕಳಚಿ ಬಂದವು. ಕೊಬ್ಬರಿ ಚೀಲ ಎತ್ತುವ ಹಮಾಲರು ನಾಲ್ವರು ಬಂದು, ನಾಲ್ಕು ಮೂಲೆ ಹಿಡಿದು, "ಐಸಾ" ಎಂದರು. ಪುಣ್ಯಕ್ಕೆ ಮೇಲೆ ಟಾಪು ಇರಲಿಲ್ಲ. ಸಾವ್ಕಾರ್ರು ಸೀಟಿನ ಸಮೇತ ಕಾರಿನಿಂದ ನೆಟ್ಟಗೆ ಆಕಾಶಕ್ಕೆ ಎದ್ದರು. ಬೀದಿಯಲ್ಲಿ ಶಿಳ್ಳೆ. ಅವರು ಮೇಲಿನಿಂದ ಎರಡೂ ಕೈ ಮುಗಿದರು. ಹಮಾಲರು ಅವರನ್ನು ಹಾಗೆಯೇ ಹೊತ್ತು ಅಂಗಡಿಯೊಳಗೆ ಹೋಗಿ, ಕೌಂಟರಿನ ಹಿಂದೆ, ಅಜ್ಜನ ಕುರ್ಚಿ ಇದ್ದ ಜಾಗದಲ್ಲೇ ಇಳಿಸಿದರು.

ಮೂರು ವಾರದ ಮೇಲೆ ಸಾವ್ಕಾರ್ರು ತಮ್ಮ ಅಂಗಡಿಯಲ್ಲಿ ಕೂತಿದ್ದರು. ಬೆನ್ನು ಹಿಂದಕ್ಕೆ ಒತ್ತಿ ನೋಡಿದರು. ಸೀಟಿನ ಚರ್ಮದ ಹೊದಿಕೆಯನ್ನು ಸವರಿದರು. ಅವರ ಕಣ್ಣು ಅರ್ಧ ಮುಚ್ಚಿತು.

"ಅಮ್ಮಾ," ಎಂದರು, "ಇದು ಬಾಳ ಮೆತ್ತಗೈತೆ. ಇದನ್ನ ನಂಗೊಂದು ಮೂರು ವಾರ ಕೈಗಡ ಕೊಡ್ತೀರಾ?"

ನಾನು ಗ್ಯಾರೇಜಿನವನ ಕೈಯಿಂದ ಬೋಲ್ಟುಗಳನ್ನು ಇಸಿದುಕೊಂಡು, ಸೆರಗಿನಿಂದ ಗ್ರೀಸ್ ಒರೆಸಿದೆ. ಊರೆಲ್ಲ ನೋಡುತ್ತಿರಲು ಸಾವ್ಕಾರ್ರ ಅಂಗೈ ಬಿಡಿಸಿ ಒಂದೊಂದಾಗಿ ಇಟ್ಟೆ.

"ಒಂದು. ಎರಡು. ಮೂರು. ನಾಲ್ಕು. ನಿಮ್ಮಜ್ಜನವೇ. ಕೈಗಡ ತೀರಿತು ಸಾವ್ಕಾರ್ರೆ. ಇನ್ನು ಏಳ್ರಿ."